ಬುರುಡೆ ಬಲ್ಬಿನ ರಾತ್ರಿ, ಎಲ್‌ಇಡಿಯ ರಾತ್ರಿ

ಟಿವಿ ರಿಮೋಟಿನ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಒಂದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಏನೂ ಕಾಣದು. ಪರದೆಯ ಮೇಲೆ ಮಾತ್ರ ನೇರಳೆ ಬೆರೆತ ಬಿಳಿಯ ಚುಕ್ಕೆಯೊಂದು ಪಟಪಟನೆ ಮಿನುಗುತ್ತದೆ. ಎಲ್ಲ ಫೋನುಗಳಲ್ಲೂ ಕಾಣಬೇಕೆಂದಿಲ್ಲ, ಆದರೆ ಬಹಳಷ್ಟರಲ್ಲಿ ಕಾಣುತ್ತದೆ. ರಾತ್ರಿ ಹೊತ್ತು ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕಿನಲ್ಲಿ ಫೋಟೊ ತೆಗೆಯುವ ಹುಚ್ಚು ಹತ್ತಲು ಇಷ್ಟು ಸಾಕು. ನನಗೆ ಹತ್ತಿದ್ದೂ ಹೀಗೆಯೇ.

700 ನ್ಯಾನೋಮೀಟರ್ ದಾಟಿದ ಬೆಳಕು ನಮ್ಮ ಕಣ್ಣಿನ ಪಾಲಿಗೆ ಇಲ್ಲವೆಂದೇ ಹೇಳಬೇಕು. ಅಂಥದ್ದೊಂದು ಇದೆ ಎಂದು 1800ರಲ್ಲಿ ವಿಲಿಯಂ ಹರ್ಷೆಲ್‌ಗೆ ಗೊತ್ತಾದದ್ದು ಕಣ್ಣಿನಿಂದಲ್ಲ, ಥರ್ಮಾಮೀಟರಿನಿಂದ. ಯುರೇನಸ್ ಗ್ರಹವನ್ನು ಕಂಡುಹಿಡಿದ ಮಹಾನುಭಾವ ಆತ. ಪಟ್ಟಕದಿಂದ ಹೊರಬಿದ್ದ ಬಣ್ಣಗಳಲ್ಲಿ ಕೆಂಪಿನಿಂದಾಚೆಗೆ, ಏನೂ ಕಾಣದ ಜಾಗದಲ್ಲಿ ಪಾದರಸ ಏರಿತ್ತು. ನಮ್ಮ ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರಿಗೆ ಥರ್ಮಾಮೀಟರಿನ ನೆರವು ಬೇಕಿಲ್ಲ, ಅದು ಹೆಚ್ಚುಕಮ್ಮಿ 1100 ನ್ಯಾನೋಮೀಟರ್‌ವರೆಗೂ ನೋಡಬಲ್ಲದು. ಹಾಗೇ ಬಿಟ್ಟರೆ ಬಣ್ಣಗಳೆಲ್ಲ ಹಾಳಾಗುತ್ತವೆಂದು ತಯಾರಕರು ಅದರ ಮುಂದೆ ಅವಕೆಂಪನ್ನು ತಡೆಯುವ ತೆಳುವಾದ ಗಾಜೊಂದನ್ನು ಕೂರಿಸಿರುತ್ತಾರೆ. ಸೋನಿ ಕಂಪನಿ 2001ರಲ್ಲಿ ತಂದ ಎಫ್707 ಕ್ಯಾಮೆರಾದಲ್ಲಿ ‘ನೈಟ್‌ಶಾಟ್’ ಒತ್ತಿದರೆ ಆ ಗಾಜು ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಇಂದಿನ ಕ್ಯಾಮೆರಾಗಳಲ್ಲಾದರೆ ಕೈಯಿಂದಲೇ ತೆಗೆಸಬೇಕು. ಅದನ್ನು ಅನುಭವಸ್ಥರಿಗೆ ಬಿಡುವುದು ಲೇಸು, ಏಕೆಂದರೆ ಫ್ಲ್ಯಾಶಿನ ಕೆಪ್ಯಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಶಾಕ್ ಹೊಡೆಯಬಲ್ಲದು. ಗಾಜು ತೆಗೆಸದೆ, ಲೆನ್ಸಿನ ಮುಂದೆ 720 ನ್ಯಾನೋಮೀಟರಿನ ಕಪ್ಪು ಫಿಲ್ಟರ್ ತಿರುಗಿಸಿ ಹಾಕಿಕೊಂಡೂ ಚಿತ್ರ ತೆಗೆಯಬಹುದು. ಆಗ ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಶಟರ್ ತೆರೆದಿಟ್ಟು, ಟ್ರೈಪಾಡಿನ ಪಕ್ಕ ಸೊಳ್ಳೆ ಹೊಡೆಯುತ್ತ ಕೂರಬೇಕು. ನನಗೆ ಅದೂ ಇಷ್ಟವೇ.

ಅವಕೆಂಪು ಎಂದೊಡನೆ ಜನ ಕೇಳುವುದು, “ಹಾಗಾದರೆ ಕತ್ತಲಲ್ಲಿ ಮನುಷ್ಯರ ಮೈಶಾಖ ಕಾಣುತ್ತದಾ?” ಎಂದು. ಕಾಣುವುದಿಲ್ಲ. ನಮ್ಮ ಮೈಯಿಂದ ಹೊರಡುವ ಕಿರಣಗಳು ಒಂಬತ್ತು ಹತ್ತು ಸಾವಿರ ನ್ಯಾನೋಮೀಟರಿನ ಆಸುಪಾಸಿನವು. ಅದಕ್ಕೆ ಥರ್ಮಲ್ ಕ್ಯಾಮೆರಾ ಎಂಬ ಬೇರೆಯದೇ ಯಂತ್ರ ಬೇಕು. ನಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ಸ್ವಯಂ ಹೊಳೆಯುವಂತೆ ಕಾಣಬೇಕಾದರೆ ವಸ್ತು ಕೆಲವು ನೂರು ಡಿಗ್ರಿ ಕಾದಿರಬೇಕು. ಸುಮಾರು 525 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಕಬ್ಬಿಣ ನಮ್ಮ ಕಣ್ಣಿಗೆ ಕೆಂಪಾಗತೊಡಗುತ್ತದೆ. ಕ್ಯಾಮೆರಾಕ್ಕೆ ಅದಕ್ಕಿಂತ ಮೊದಲೇ.

ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನ ಮನೆಯಲ್ಲಿ ಇನ್ನೂ ನೀರೊಲೆಯಿದೆ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲುಮನೆಯ ದೀಪ ಆರಿಸಿ ಒಲೆಯ ಬಾಯಿಗೆ ಕ್ಯಾಮೆರಾ ಇಟ್ಟೆ. ನನ್ನ ಕಣ್ಣಿಗಿದ್ದದ್ದು ಬೂದಿ, ಮತ್ತೆ ಕತ್ತಲೆ. ಅರ್ಧ ನಿಮಿಷದ ಚಿತ್ರದಲ್ಲಿ ಬೂದಿಯ ಬಿರುಕುಗಳಲ್ಲೆಲ್ಲ ಬೆಳ್ಳನೆಯ ಗೆರೆಗಳು ಓಡಿದ್ದವು. ಸೌದೆಯ ತುದಿಯಲ್ಲಿ ಇದ್ದಿಲಿನ ಚೌಕ ಚೌಕ ಸೀಳುಗಳು ಲೆಕ್ಕ ಹಾಕುವಷ್ಟು ಸ್ಪಷ್ಟವಾಗಿದ್ದವು, ಒಲೆಯ ಗೋಡೆಗೆ ಮೆತ್ತಿದ ಮಣ್ಣಿನ ಮೇಲೆ ಬೆರಳಿನ ಗುರುತು ಸಹ ಕಾಣುತ್ತಿತ್ತು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಅದರ ಭಾವಚಿತ್ರ. ಬೆಳಿಗ್ಗೆ ದೊಡ್ಡಮ್ಮನಿಗೆ ತೋರಿಸಿದೆ. “ಆರಿಲ್ಲ ಅಂತ ನಂಗೆ ಗೊತ್ತಿರ್ತದೆ ಕಣೋ, ಅದಕ್ಕೇ ಬೆಳಗ್ಗೆ ಬೆಂಕಿಪಟ್ಟಣ ಹುಡುಕೋದಿಲ್ಲ” ಎಂದಳು. ಚಿತ್ರವನ್ನು ಮಾತ್ರ ಬಹಳ ಹೊತ್ತು ನೋಡಿದಳು.

ಇದ್ದಿಲಿನ ಮಾತು ಬಂತಲ್ಲ, ಅದರ ಇನ್ನೊಂದು ಗುಣ ಹೇಳಬೇಕು. ಇದ್ದಿಲು, ದೀಪದ ಮಸಿ ಇವೆಲ್ಲ ಅವಕೆಂಪನ್ನು ನುಂಗಿಬಿಡುತ್ತವೆ. ಕಾಲಕ್ಕೆ ಸಿಕ್ಕಿ ಕಂದಿದ ತಾಳೆಗರಿ ಅದನ್ನು ಸಾಕಷ್ಟು ಹಿಂದಿರುಗಿಸುತ್ತದೆ. ಹಾಗಾಗಿ ಕಣ್ಣಿಗೆ ಗರಿಯೂ ಕಪ್ಪು, ಅಕ್ಷರವೂ ಕಪ್ಪು ಎನ್ನಿಸುವ ಕಡೆ ಕ್ಯಾಮೆರಾಕ್ಕೆ ಅಕ್ಷರ ಬೇರೆಯಾಗಿ ಎದ್ದು ಕಾಣುತ್ತದೆ. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ತಂಡದವರು ಉಡುಪಿಗೆ ಬಂದು, ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿಗಳನ್ನು ಹೀಗೇ ಅವಕೆಂಪಿನಲ್ಲಿ ಸೆರೆಹಿಡಿದರು. ರಾತ್ರಿಯ ಫೋಟೊಗೂ ಇದಕ್ಕೂ ನೇರ ನಂಟಿಲ್ಲ, ಆದರೂ ನನಗೆ ಈ ವಿದ್ಯೆಯ ಮೇಲೆ ಗೌರವ ಬಂದದ್ದು ಈ ಕೆಲಸದಿಂದ.

ರಾತ್ರಿಗೆ ಬರೋಣ. ಹುಣ್ಣಿಮೆಯ ಬೆಳಕು ಬಿಸಿಲಿನದೇ ಮರಿ, ಅದರಲ್ಲಿ ಅವಕೆಂಪು ಧಾರಾಳವಾಗಿದೆ. ಹಸಿರೆಲೆ ಈ ಬೆಳಕನ್ನು ಹೀರದೆ ಹಿಂದಕ್ಕೆ ಕಳಿಸುತ್ತದೆ. ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ 1910ರಲ್ಲೇ ಇಂಥ ಚಿತ್ರಗಳನ್ನು ಪ್ರಕಟಿಸಿ ಜನರನ್ನು ಬೆರಗುಗೊಳಿಸಿದ್ದ. ಆದ್ದರಿಂದ ಬೆಳದಿಂಗಳಲ್ಲಿ ತೆಗೆದ ತೆಂಗಿನ ತೋಟದ ಗರಿಗಳು ಸುಣ್ಣ ಬಳಿದಂತೆ ಬೆಳ್ಳಗೆ, ಆಕಾಶ ಕಡುಕಪ್ಪು. ನಕ್ಷತ್ರಗಳ ಅಂತಸ್ತು ಕೂಡ ಬದಲಾಗುತ್ತದೆ. ನಮ್ಮ ಕಣ್ಣಿಗೆ ಇಡೀ ಇರುಳಾಕಾಶದಲ್ಲಿ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ. 800 ನ್ಯಾನೋಮೀಟರಿನ ಸುಮಾರಿಗೆ ಹೋದರೆ ಕೆಂಪು ಮಹಾದೈತ್ಯ ಆರ್ದ್ರಾ ಅದನ್ನು ಹಿಂದೆ ಹಾಕುತ್ತದೆ. ಚಳಿಗಾಲದ ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಇಟ್ಟು, ಮಾಮೂಲಿ ಚಿತ್ರದ ಪಕ್ಕ ಅವಕೆಂಪಿನದನ್ನು ಇಟ್ಟು ನೋಡುವ ಸಂತೋಷವನ್ನು ನಾನು ಯಾರಿಗೂ ತಪ್ಪಿಸಲಾರೆ. ಫೋಕಸ್ ಮಾತ್ರ ಪರದೆಯಲ್ಲಿ ದೊಡ್ಡದು ಮಾಡಿಕೊಂಡೇ ಹೊಂದಿಸಬೇಕು, ಏಕೆಂದರೆ ಅವಕೆಂಪು ಲೆನ್ಸಿನಲ್ಲಿ ಬೇರೆ ಕಡೆ ಕೂಡುತ್ತದೆ. ಹಳೆಯ ಲೆನ್ಸುಗಳಲ್ಲಿ ಅದಕ್ಕೆಂದೇ ಒಂದು ಕೆಂಪು ಚುಕ್ಕೆ ಇರುತ್ತಿತ್ತು.

ಊರೊಳಗಿನ ರಾತ್ರಿ ಇನ್ನೂ ವಿಚಿತ್ರ. ಬುರುಡೆ ಬಲ್ಬು ನುಂಗುವ ಕರೆಂಟಿನಲ್ಲಿ ನಮ್ಮ ಕಣ್ಣಿಗೆ ದಕ್ಕುವುದು ನೂರಕ್ಕೆ ಹತ್ತರಷ್ಟೂ ಅಲ್ಲ. ಉಳಿದದ್ದು ಬಹುಪಾಲು ಅವಕೆಂಪು. ಹಳದಿ ಸೋಡಿಯಂ ಬೀದಿದೀಪವೂ 819 ನ್ಯಾನೋಮೀಟರಿನ ಹತ್ತಿರ ಗಟ್ಟಿಯಾಗಿ ಹೊಳೆಯುತ್ತದೆ. ಬಿಳಿ ಎಲ್‌ಇಡಿಯಲ್ಲಿ ಇದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೇಂದ್ರ ಸರ್ಕಾರದ ಬೀದಿದೀಪ ಯೋಜನೆ 2015ರಲ್ಲಿ ಶುರುವಾದ ಮೇಲೆ ದೇಶದ ಊರೂರುಗಳಲ್ಲಿ ಸೋಡಿಯಂ ದೀಪ ಇಳಿದು ಎಲ್‌ಇಡಿ ಏರಿತು. ಕರೆಂಟು ಉಳಿಯಿತು, ಅದು ಒಳ್ಳೆಯದೇ. ಜೊತೆಗೆ ಅವಕೆಂಪಿನ ಇರುಳು ಬೀದಿಬೀದಿಯಲ್ಲಿ ಕಪ್ಪಾಯಿತು. ಹಗಲಿನಂತೆ ಬೆಳಗುವ ರಸ್ತೆಯಲ್ಲಿ ನಿಂತು ಫಿಲ್ಟರ್ ಹಾಕಿ ಕ್ಲಿಕ್ಕಿಸಿದರೆ ದೀಪದ ಕಂಬದ ಕೆಳಗೇ ಕತ್ತಲು. ಅದೇ, ಕಂಬವಿಲ್ಲದ ಗಲ್ಲಿಯಲ್ಲಿ ಗೇಟುಗಳ ಮೇಲಿನ ಸಿಸಿಟಿವಿಗಳು 850 ನ್ಯಾನೋಮೀಟರಿನ ಬೆಳಕು ಬೀರುತ್ತ ಕೂತಿರುತ್ತವೆ. ಚಿತ್ರದಲ್ಲಿ ಆ ಗಲ್ಲಿ ಜಗಮಗಿಸುತ್ತದೆ.

ಜನರನ್ನು ಈ ಕ್ಯಾಮೆರಾದಲ್ಲಿ ಕೇಳದೆ ತೆಗೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನ್ಯೂಯಾರ್ಕಿನ ಛಾಯಾಗ್ರಾಹಕ ವೀಜಿ 1940ರ ದಶಕದಲ್ಲಿ ಸಿನಿಮಾ ಮಂದಿರದ ಕತ್ತಲಲ್ಲಿ ಮೈಮರೆತ ಪ್ರೇಕ್ಷಕರನ್ನು ಅವಕೆಂಪು ಫ್ಲ್ಯಾಶಿನಲ್ಲಿ ಹಿಡಿದ, ಕೊಹೆಯ್ ಯೋಶಿಯುಕಿ 1970ರ ದಶಕದಲ್ಲಿ ಟೋಕಿಯೊದ ಪಾರ್ಕುಗಳಲ್ಲಿ ಪ್ರೇಮಿಗಳನ್ನೂ ಅವರನ್ನು ಕದ್ದು ನೋಡುವವರನ್ನೂ ಹಿಡಿದ. ದೊಡ್ಡ ಕಲಾವಿದರು, ಒಪ್ಪುತ್ತೇನೆ. ಆದರೂ ಕತ್ತಲೆಯನ್ನು ನಂಬಿ ಕೂತವರ ನಂಬಿಕೆಗೆ ಬೆಲೆ ಇದೆ.

ಇಷ್ಟೆಲ್ಲ ಹೇಳಿ ಮೈಸೂರು ಅರಮನೆಗೆ ಬರದಿದ್ದರೆ ಹೇಗೆ? ಭಾನುವಾರ, ಸರ್ಕಾರಿ ರಜೆ, ದಸರೆ ಎಂದರೆ ಸಂಜೆ ಏಳರ ಸುಮಾರಿಗೆ ಒಂದು ಲಕ್ಷದ ಹತ್ತಿರದಷ್ಟು ಬುರುಡೆ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. “ಹೋ” ಎಂದು ಜನ ಕೂಗುವುದು ನಮಗೆಲ್ಲ ಗೊತ್ತು. ಅವರು ಕಾಣುತ್ತಿರುವುದು ಆ ಬೆಳಕಿನ ಚಿಕ್ಕ ಪಾಲು ಮಾತ್ರ. ಅವಕೆಂಪಿನಲ್ಲಿ ಕಮಾನು, ಗೋಪುರ, ಗುಮ್ಮಟಗಳ ಅಂಚು ಉರಿಯುತ್ತವೆ, ಅಂಗಳದ ಮರಗಳಲ್ಲಿ ಅರಮನೆಯ ಕಡೆ ಮುಖ ಮಾಡಿದ ಎಲೆಗಳಷ್ಟೇ ಬೆಳ್ಳಗಾಗಿ, ಬೆನ್ನು ತಿರುಗಿಸಿದವು ಕತ್ತಲಲ್ಲೇ ಉಳಿಯುತ್ತವೆ. ಹೊರಗೆ ರಸ್ತೆಗಳ ದಸರಾ ದೀಪಾಲಂಕಾರ ಎಲ್‌ಇಡಿಯದ್ದಾದ್ದರಿಂದ ಅಷ್ಟು ಬಣ್ಣದ ಕಮಾನುಗಳೂ ಚಿತ್ರದಲ್ಲಿ ಬರಿಯ ತಂತಿಜಾಲ. ಜನರ ಕೈಯಲ್ಲಿ ಎತ್ತಿ ಹಿಡಿದ ಮೊಬೈಲುಗಳ ಪರದೆಯೂ ಕಪ್ಪು. ಒಂದೊಂದು ಫೋನಿನ ನೆತ್ತಿಯಲ್ಲಿ ಮಾತ್ರ ಮುಖ ಗುರುತಿಸುವ ಸಾಧನದ ಬಿಳಿ ಚುಕ್ಕೆ ಮಿಣುಕುತ್ತದೆ.

ಅರಮನೆಗೂ ಎಲ್‌ಇಡಿ ಹಾಕುವ ಮಾತು ಆಗಾಗ ಏಳುತ್ತದೆ. ಹಾಕಲಿ, ಬಿಡಲಿ, ಅದನ್ನು ತೀರ್ಮಾನಿಸುವವರಿಗೆ ಅವರದೇ ಕಾರಣಗಳಿರುತ್ತವೆ. ನನ್ನದೊಂದೇ ಕೋರಿಕೆ. ಬದಲಾವಣೆ ಆಗುವುದೇ ಆದರೆ ಅದಕ್ಕೆ ಮೊದಲು ಯಾರಾದರೂ ಅನುಮತಿ ಪಡೆದು, ಒಳ್ಳೆಯ ಲೆನ್ಸು ಕಟ್ಟಿಕೊಂಡು, ನಾಲ್ಕೂ ದಿಕ್ಕಿನಿಂದ ಆ ದೀಪೋತ್ಸವವನ್ನು ಅವಕೆಂಪಿನಲ್ಲಿ ಪೂರ್ತಿಯಾಗಿ ತೆಗೆದಿಡಬೇಕು. ಟ್ರೈಪಾಡು ಹೊರುವುದಕ್ಕೆ ಜೊತೆ ಬೇಕಿದ್ದರೆ ನಾನು ಬರುತ್ತೇನೆ.