ಶಿವನನ್ನು ಅಪ್ಪ ಎಂದ ಹಾಡು

ಯಾದಗಿರಿಯಿಂದ ಸುರಪುರದ ಬಸ್ಸು ಹತ್ತಿದ್ದೆ. ಭೀಮಾ ಸೇತುವೆ ದಾಟಿತ್ತು, ಶಹಾಪುರ ಇನ್ನೂ ದೂರವಿತ್ತು. ಸೋಮವಾರವಲ್ಲವೇ, ಡ್ರೈವರ್ ‘ಶಿವಪ್ಪ ಕಾಯೋ ತಂದೆ’ ಹಚ್ಚಿದ. ಪಕ್ಕದಲ್ಲಿ ಕೂತ ಮುತ್ಯಾ ರುಮಾಲು ಸರಿಮಾಡಿಕೊಂಡು, “ರಾಜಕುಮಾರ ಹ್ಯಾಂಗ ಹಾಡ್ಯಾನ ನೋಡ್ರಿ!” ಎಂದ.

“ಹಾಡಿದವ್ರು ಬ್ಯಾರೆ ಅದಾರ ಮುತ್ಯಾ. ಸಿ.ಎಸ್. ಜಯರಾಮನ್ ಅಂತ, ಚಿದಂಬರದವ್ರು.”

ಮುತ್ಯಾ ನಂಬಲಿಲ್ಲ. ನಂಬದಿದ್ದುದು ತಪ್ಪೂ ಅಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಆ ದನಿ ಆ ಮುಖಕ್ಕೆ ಅಷ್ಟು ಹೊಂದಿಬಿಟ್ಟಿದೆ. ಗುಬ್ಬಿ ಕಂಪನಿಯ ಮುತ್ತುರಾಜನಿಗೆ ರಾಜಕುಮಾರ ಎಂದು ಹೆಸರಿಟ್ಟು ನಾಯಕನನ್ನಾಗಿ ಮಾಡಿದವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ಹಾಡು ಎಸ್. ನಂಜಪ್ಪನವರದು, ಸಂಗೀತ ಆರ್. ಸುದರ್ಶನಂ ಅವರದು. ನಾಟಕದಲ್ಲಿ ಹಾಡಿಯೇ ಬೆಳೆದ ನಟನಿಗೆ ತೆರೆಯ ಮೇಲೆ ಇನ್ನೊಬ್ಬರ ಕಂಠ! ಸಿನಿಮಾದಲ್ಲಿ ಅವರು ಮೊದಲು ಹಾಡಿದ್ದು 1956ರ ‘ಓಹಿಲೇಶ್ವರ’ದಲ್ಲಿ, ತಮ್ಮ ಪಾತ್ರಗಳಿಗೆ ತಾವೇ ಹಾಡುವ ರೂಢಿ ನೆಲೆಯಾದದ್ದು 1974ರ ‘ಸಂಪತ್ತಿಗೆ ಸವಾಲ್’ ನಂತರ.

ಚಿತ್ರ ಬಂದಾಗ ಈ ಮೂರೂ ಊರು ಹೈದರಾಬಾದ್ ರಾಜ್ಯದಲ್ಲಿದ್ದವು. ಮೈಸೂರಿಗೆ ಸೇರಿದ್ದು 1956ರ ನವೆಂಬರ್ 1ರಂದು. ಆದರೂ ಈ ಹಾಡು ಇಲ್ಲಿಯದೇ ಎನ್ನಿಸುತ್ತದೆ ನನಗೆ. ಕಣ್ಣಪ್ಪ ಕಾಳಹಸ್ತಿಯ ಭಕ್ತ, ತಮಿಳರ ಅರವತ್ತಮೂವರು ನಾಯನ್ಮಾರರಲ್ಲಿ ಒಬ್ಬ; ನಮ್ಮ ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. ಬಾಯಲ್ಲಿ ನೀರು ತಂದು ಲಿಂಗಕ್ಕೆ ಎರೆದವನು, ಮಾಂಸ ನೈವೇದ್ಯ ಮಾಡಿದವನು, ಕಣ್ಣು ಕಿತ್ತು ಕೊಟ್ಟವನು. ಈ ಹಾಡಿನಲ್ಲಿ ಮಾತ್ರ ಅವನು ಬರೀ ಹಸಿದ ಬೇಡ. ಮೋಕ್ಷದ ಮಾತೇ ಇಲ್ಲ, ಅವನಿಗೆ ಬೇಕಾದದ್ದು ಅಂದಿನ ಊಟ. ಅದಕ್ಕಾಗಿ ಪರಮೇಶ್ವರ ಎಂದು ಕೂಗುವುದಿಲ್ಲ, ಶಿವಪ್ಪ ಎನ್ನುತ್ತಾನೆ. ಇಡೀ ಹಾಡಿನ ಜೀವ ಆ ‘ಅಪ್ಪ’ನಲ್ಲಿದೆ.

ನಮ್ಮ ಕಡೆ ದೇವರೂ ಅಪ್ಪನೇ, ಶರಣರೂ ಅಪ್ಪನೇ. ಕಲಬುರಗಿಗೆ ಹೋದರೆ ಶರಣಬಸಪ್ಪ, ತಿಂಥಣಿಗೆ ಬಂದರೆ ಮೌನಪ್ಪ. ಮುಳ್ಳು ಚುಚ್ಚಿದರೂ ‘ಯಪ್ಪಾ’. ಸುರಪುರವಂತೂ ಬೇಡರ ನಾಯಕರ ಊರು. 1840ರ ದಶಕದಲ್ಲಿ ಇಲ್ಲಿಗೆ ಬಂದ ಮೆಡೋಸ್ ಟೇಲರ್ ಸಾಹೇಬನನ್ನು ಎಳೆಯ ರಾಜ ವೆಂಕಟಪ್ಪ ನಾಯಕ ಅಪ್ಪಾ ಎಂದೇ ಕರೆಯುತ್ತಿದ್ದ. ಮುಂದೆ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೆರೆಸಿಕ್ಕ ಮೇಲೂ, ನೋಡಲು ಬಂದ ಟೇಲರನನ್ನು ಹಾಗೆಯೇ ಕೂಗಿದ. ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ವರ್ಷ ಆ ರಾಜ ತೀರಿಕೊಂಡ. ಅದನ್ನು ಓದಿದಾಗಿನಿಂದ ಈ ಹಾಡು ಕೇಳಿದಾಗೆಲ್ಲ ನನಗೆ ಕಾಳಹಸ್ತಿಯ ಬೇಡನ ಜೊತೆಗೆ ಸುರಪುರದ ಆ ಹುಡುಗನೂ ನೆನಪಾಗುತ್ತಾನೆ.

ರಾಜಕುಮಾರ್ ಇದೇ ಕಥೆಯ ತೆಲುಗು ಚಿತ್ರದಲ್ಲೂ ನಟಿಸಿದರು, ‘ಕಾಳಹಸ್ತಿ ಮಹಾತ್ಮ್ಯಂ’. 1988ರಲ್ಲಿ ಮಗ ಶಿವರಾಜಕುಮಾರ್ ‘ಶಿವ ಮೆಚ್ಚಿದ ಕಣ್ಣಪ್ಪ’ದಲ್ಲಿ ಬೇಡನಾದರೆ ತಂದೆ ಶಿವನಾದರು. ಆದರೂ ಜನರ ಬಾಯಲ್ಲಿ ಉಳಿದಿರುವುದು ಹಳೆಯ ಹಾಡೇ.

ಸುರಪುರ ಬಂತು. ಮುತ್ಯಾ ಚೀಲ ಎತ್ತಿಕೊಂಡು ಇಳಿಯುವ ಮುಂದೆ ತಿರುಗಿ, “ಆ ಹಾಡಿದಂವನ ಹೆಸರೇನಂದ್ರಿ?” ಎಂದು ಕೇಳಿದ. ಮತ್ತೊಮ್ಮೆ ಹೇಳಿದೆ. ನೀವೂ ಮಕ್ಕಳಿಗೆ ಈ ಹಾಡು ಕಲಿಸುವಾಗ ರಾಜಕುಮಾರರ ಜೊತೆಗೆ ನಂಜಪ್ಪ, ಸುದರ್ಶನಂ, ಜಯರಾಮನ್ ಇವರ ಹೆಸರನ್ನೂ ಹೇಳಿಕೊಡಿ.