ಯಂತ್ರಕ್ಕೆ ಕಣ್ಣಿದೆ, ಹೊಣೆ ಮನುಷ್ಯನದೇ

ಕಾರ್ಖಾನೆಗಳಲ್ಲಿ ಮನುಷ್ಯನೂ ರೋಬೋಟೂ ಒಂದೇ ಮೇಜಿನ ಎರಡು ಬದಿಗಳಲ್ಲಿ ದುಡಿಯುವ ಕಾಲ ಬಂದಿದೆ. ಐಟಿಐ ಮುಗಿಸಿದ ಮಕ್ಕಳನ್ನು ಬಿಡದಿ, ಪೀಣ್ಯ, ಹೊಸೂರುಗಳಿಗೆ ಕಳುಹಿಸುವ ನಮ್ಮ ತಂದೆ ತಾಯಂದಿರ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಯಂತ್ರವು ನಮ್ಮ ಮಗನ ಅನ್ನವನ್ನು ಕಸಿದುಕೊಳ್ಳುವುದೇ? ಈ ಭಯ ನ್ಯಾಯವಾದುದೇ. ಆದರೆ ಅದರೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕಾಗಿದೆ. ಯಂತ್ರವು ಜೊತೆಗಿರುವಾಗ ಕೆಲಸದ ಹೊಣೆ ಯಾರದು?

ಇಸ್ಲಾಮ್ ಯಂತ್ರವಿದ್ಯೆಯ ವಿರೋಧಿಯಲ್ಲ. ಪ್ರವಾದಿ ದಾವೂದ್(ಅ)ರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದೂ ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಲು ಆದೇಶಿಸಿದನೆಂದೂ ಸೂರಾ ಸಬಾ ತಿಳಿಸುತ್ತದೆ. ನೀರಿನ ಗಡಿಯಾರಗಳನ್ನೂ ನೀರೆತ್ತುವ ಯಂತ್ರಗಳನ್ನೂ ವಿವರಿಸುವ ಅಲ್ ಜಝರಿಯವರ ಗ್ರಂಥ 1206ರಲ್ಲೇ ಪೂರ್ಣಗೊಂಡಿತ್ತು.

ಆದರೆ ಯಂತ್ರದ ಬಲಕ್ಕೆ ವಿವೇಕವಿಲ್ಲ. 1979ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಕಾರು ಕಾರ್ಖಾನೆಯೊಂದರಲ್ಲಿ ರೋಬೋಟಿನ ಏಟಿಗೆ ಕಾರ್ಮಿಕನೊಬ್ಬ ಪ್ರಾಣ ಕಳೆದುಕೊಂಡ. ಬಹುಕಾಲ ರೋಬೋಟುಗಳನ್ನು ಬೇಲಿಯೊಳಗೇ ದುಡಿಸಲಾಯಿತು. ಮನುಷ್ಯನ ಪಕ್ಕದಲ್ಲೇ ನಿಂತು, ಅವನಿಗೆ ತಾಗಿದೊಡನೆ ನಿಲ್ಲುವ ಸಹಯೋಗಿ ರೋಬೋಟುಗಳನ್ನು ಡೆನ್ಮಾರ್ಕಿನ ಕಂಪೆನಿಯೊಂದು 2008ರಲ್ಲಿ ಮಾರತೊಡಗಿತು. ಸೊಂಟ ಮುರಿಯುವ ಭಾರವನ್ನು ಅದು ಎತ್ತುವುದಾದರೆ ನಮಗೆ ಸಂತೋಷವೇ. ಕೈಕೆಳಗಿನವರ ಮೇಲೆ ಅವರ ಶಕ್ತಿಗೆ ಮೀರಿದ ಹೊರೆ ಹೊರಿಸಬಾರದು, ಹೊರಿಸಿದರೆ ನೆರವಾಗಬೇಕು ಎಂಬುದು ಪ್ರವಾದಿ(ಸ)ರ ಬೋಧನೆಯಲ್ಲವೇ?

ನಮ್ಮ ಮೊಹಲ್ಲಾದ ತರುಣನೊಬ್ಬ ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾನೆ. ಅಲ್ಲಿ ಪ್ರತಿಯೊಂದು ತುಂಡನ್ನೂ ಮೊದಲು ಕ್ಯಾಮೆರಾ ನೋಡುತ್ತದೆ. ಅದು ಒಪ್ಪಿದ ಒಂದು ತುಂಡಿನ ಅಂಚಿನಲ್ಲಿ ಉಳಿದಿದ್ದ ಲೋಹದ ಸಣ್ಣ ಮುಳ್ಳು ಅವನ ಬೆರಳಿಗೆ ತಾಗಿತು. ಅದನ್ನು ಬದಿಗಿಟ್ಟಾಗ, "ಕ್ಯಾಮೆರಾ ಪಾಸ್ ಮಾಡಿದೆಯಲ್ಲ, ನಿನಗೇಕೆ ಉಸಾಬರಿ?" ಎಂದು ಮೇಲ್ವಿಚಾರಕರು ಗದರಿದರಂತೆ. "ನಾನು ಮಾಡಿದ್ದು ಸರಿಯೇ?" ಎಂದು ಇಶಾ ನಮಾಝಿನ ನಂತರ ಅವನು ನಮ್ಮನ್ನು ಕೇಳಿದ. ನಮಗೆ ನೆನಪಾದದ್ದು ಮದೀನಾದ ಮಾರುಕಟ್ಟೆ. ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಾಗಿತು. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಪ್ರಶ್ನಿಸಿದರು, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಕಣ್ಣಿಗೆ ಒಣಗಿದಂತೆ ಕಂಡದ್ದರ ಸತ್ಯವನ್ನು ಅಂದು ಕೈ ತಿಳಿಸಿತ್ತು. ತರುಣನ ಬೆರಳು ಮಾಡಿದ್ದೂ ಅದನ್ನೇ.

ಉದ್ಯಮಲೋಕಕ್ಕೂ ಈ ಪಾಠ ಅಪರಿಚಿತವಲ್ಲ. ಜಪಾನಿನ ಸಾಕಿಚಿ ಟೊಯೊಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಕಡಿದೊಡನೆ ತಾನಾಗಿ ನಿಲ್ಲುತ್ತಿತ್ತು. ಅದೇ ತತ್ವದ ಮೇಲೆ ಬೆಳೆದ ಟೊಯೊಟಾ ಕಾರ್ಖಾನೆಗಳಲ್ಲಿ, ದೋಷ ಕಂಡ ಸಾಮಾನ್ಯ ಕಾರ್ಮಿಕನೂ ಹಗ್ಗವೆಳೆದು ಸಹಾಯ ಕರೆಯಬಹುದು. ದೋಷ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಲ್ಲಿ ನಿಲ್ಲಿಸುವುದು ಅಪರಾಧವಲ್ಲ, ಕರ್ತವ್ಯ. ಟೆಸ್ಲಾದ ಇಲಾನ್ ಮಸ್ಕ್ ಕೂಡ ಅತಿಯಾದ ಯಾಂತ್ರೀಕರಣ ತಪ್ಪಾಯಿತೆಂದು 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು.

ಆಕಾಶಗಳೂ ಭೂಮಿಯೂ ಪರ್ವತಗಳೂ ಹೊರಲು ಅಂಜಿದ ಅಮಾನತ್ತನ್ನು ಮನುಷ್ಯನು ಹೊತ್ತುಕೊಂಡನೆಂದು ಸೂರಾ ಅಲ್ ಅಹ್‌ಝಾಬ್ ತಿಳಿಸುತ್ತದೆ. ಪರ್ವತವೇ ಹೊರದ ಹೊಣೆಯನ್ನು ಪರ್ವತದ ಅದಿರಿನಿಂದಾದ ಯಂತ್ರದ ಹೆಗಲಿಗೆ ದಾಟಿಸಲು ನಮಗೆ ಸಾಧ್ಯವೇ? ನಾಳೆ ಪರಲೋಕದಲ್ಲಿ ಲೆಕ್ಕ ಕೊಡಬೇಕಾದವರು ಕ್ಯಾಮೆರಾವಲ್ಲ, ನಾವು. ಆದುದರಿಂದ ಯಂತ್ರ ತರುವ ಮಾಲಿಕರು ಕಾರ್ಮಿಕನಿಗೆ ಹೊಸ ವಿದ್ಯೆಯನ್ನು ಕಲಿಸಲಿ, ನಿಲ್ಲಿಸುವ ಅಧಿಕಾರವನ್ನೂ ಕೊಡಲಿ. ಕಾರ್ಮಿಕನು 'ಯಂತ್ರ ಹೇಳಿತು' ಎಂಬ ಮಾತಿನ ಹಿಂದೆ ಅಡಗದಿರಲಿ. ಹೆತ್ತವರಾದ ನಾವು ಮಕ್ಕಳಿಗೆ ಕಂಪ್ಯೂಟರಿನ ಜೊತೆಗೆ ಅಮಾನತ್ತಿನ ಅರ್ಥವನ್ನೂ ಕಲಿಸೋಣ.

ನಮ್ಮ ಕೈಗಳ ದುಡಿಮೆಯನ್ನು ಅಲ್ಲಾಹನು ಹಲಾಲ್ ಆಗಿಯೂ ಪ್ರಾಮಾಣಿಕವಾಗಿಯೂ ಇರಿಸಲಿ. ಆಮೀನ್.