ನೂರು ಮಕ್ಕಳ ಕುಪ್ಪಸ

ಸೂಜಿ ದಾರ ಹಿಡಿದು ಕೂತ ಹೆಂಗಸು ಹೊತ್ತು ಕಳೆಯುತ್ತಿದ್ದಾಳೆಂದು ಮನೆಯ ಗಂಡಸರು ತಿಳಿಯುವುದುಂಟು. ಅವಳು ಯಾರಿಗೋ ಏನನ್ನೋ ಹೇಳುತ್ತಿರುತ್ತಾಳೆ. ಎಳೆ ಎಣಿಸಿ ಎಣಿಸಿ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳನ್ನು ಹಾಕಿದ ನನಗೆ ಇದೇನು ಹೊಸ ಮಾತಲ್ಲ. ಆದರೂ ಚೀನಾದ ಹಳೆಯ ರೇಷ್ಮೆ ನಿಲುವಂಗಿಗಳ ಚಿತ್ರಗಳಿರುವ ದಪ್ಪ ಪುಸ್ತಕವೊಂದು ಕೈಗೆ ಬಂದಮೇಲೆ, ಸೂಜಿ ಇಷ್ಟೊಂದು ಮಾತಾಡಬಲ್ಲದೇ ಎಂದು ಬೆರಗಾದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಾವಲಿ. ಒಂದಲ್ಲ ಎರಡಲ್ಲ, ಅಂಗಿಯ ತುಂಬ ಕೆಂಪು ಬಾವಲಿಗಳು! ನಮ್ಮಲ್ಲಿ ಬಾವಲಿ ಮನೆ ಹೊಕ್ಕರೆ ಹಿರಿಯರು ಅಪಶಕುನವೆಂದು ಹೌಹಾರುತ್ತಾರೆ. ಅಲ್ಲಿ ಅದೇ ಮಂಗಳ. ಚೀನೀ ಭಾಷೆಯಲ್ಲಿ ಬಾವಲಿಗೂ ಭಾಗ್ಯಕ್ಕೂ ಉಚ್ಚಾರ ಒಂದೇ, ‘ಫು’. ಐದು ಬಾವಲಿ ಹಾಕಿದರೆ ಐದು ಭಾಗ್ಯ: ದೀರ್ಘಾಯುಷ್ಯ, ಸಿರಿ, ಆರೋಗ್ಯ, ಸದ್ಗುಣ, ಸುಖಮರಣ. ಹಾಗೆಯೇ ಮೀನು ಎಂದರೆ ಉಂಡುಟ್ಟು ಮಿಗುವಷ್ಟು ಸಮೃದ್ಧಿ. ಅಲ್ಲೂ ಶಬ್ದ ಒಂದೇ, ‘ಯು’. ನಮ್ಮ ಕವಿಗಳು ಕಾವ್ಯದಲ್ಲಿ ಆಡಿದ ಶ್ಲೇಷೆಯನ್ನು ಆ ಜನ ಸೂಜಿಯ ಮೊನೆಯಲ್ಲಿ ಆಡಿದ್ದಾರೆ. ಅಕ್ಷರ ಬಾರದವಳೂ ಓದಬಹುದಾದ ಬರವಣಿಗೆ ಅದು.

ಅರಮನೆಯ ಉಡುಪಿಗಂತೂ ಕಾನೂನೇ ಇತ್ತು. ಚಿಂಗ್ ವಂಶದ ಚಿಯೆನ್‌ಲುಂಗ್ ಚಕ್ರವರ್ತಿ 1759ರಲ್ಲಿ ಯಾರು ಏನು ತೊಡಬೇಕೆಂಬ ನಿಯಮಗಳ ಸಚಿತ್ರ ಗ್ರಂಥವನ್ನೇ ಮಾಡಿಸಿದ. ಅವನ ನಿಲುವಂಗಿಯ ಮೇಲೆ ಒಂಬತ್ತು ಡ್ರ್ಯಾಗನ್‌ಗಳು. ಎಣಿಸಿದರೆ ಎಂಟೇ ಸಿಗುತ್ತವೆ. ಒಂಬತ್ತನೆಯದು ಮಡಿಕೆಯ ಒಳಗೆ ಅಡಗಿರುತ್ತದೆ. ಅಂಚಿನಲ್ಲಿ ಸಮುದ್ರದ ತೆರೆ, ಅದರಿಂದ ಏಳುವ ಬೆಟ್ಟ, ಮೇಲೆ ಮೋಡ. ಅಂಗಿ ತೊಟ್ಟು ನಿಂತರೆ ಇಡೀ ಜಗತ್ತನ್ನೇ ಉಟ್ಟಂತೆ! ಅಧಿಕಾರಿಗಳಿಗೆ ಎದೆಯ ಮೇಲೊಂದು ಚೌಕ. ಆಡಳಿತದವರಿಗೆ ಹಕ್ಕಿ, ಸೈನ್ಯದವರಿಗೆ ಮೃಗ. ಹೆಂಡತಿಗೂ ಗಂಡನ ದರ್ಜೆಯ ಹಕ್ಕಿಯೇ. ಆದರೆ ಅವಳದು ಬೇರೆ ದಿಕ್ಕಿಗೆ ಮುಖ ಮಾಡಿರುತ್ತಿತ್ತು. ಇಬ್ಬರೂ ಪಕ್ಕಪಕ್ಕ ಕೂತಾಗ ಹಕ್ಕಿಗಳಾದರೂ ಒಂದನ್ನೊಂದು ನೋಡಲಿ ಎಂದು. ಈ ಸಂಗತಿ ಓದಿ ನಾನು ಒಬ್ಬಳೇ ನಕ್ಕಿದ್ದೇನೆ.

ಆದರೆ ಹೆಂಗಸರ ಬಟ್ಟೆಯ ಮೇಲೆ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವ ಮಾತು ಬೇರೆ. ಬಾಯಿಬಿಟ್ಟ ದಾಳಿಂಬೆ, ಒಳಗೆ ಕಿಕ್ಕಿರಿದ ಬೀಜ. ಬೀಜಕ್ಕೂ ಮಗನಿಗೂ ಅಲ್ಲಿ ಒಂದೇ ಪದ. ಅರ್ಥ ನಿಮಗೆ ಹೇಳಬೇಕಾಗಿಲ್ಲ. ಗಂಡುಮಕ್ಕಳಾಗಲಿ ಎಂಬ ಹರಕೆ ನಮ್ಮ ಉಡಿ ತುಂಬುವಾಗಲೂ ಎಷ್ಟೋ ಬಾಯಲ್ಲಿ ಬಂದದ್ದೇ.

ಈ ಹರಕೆಯ ತುತ್ತತುದಿ ನೂರು ಮಕ್ಕಳ ಕುಪ್ಪಸ. ಬೀಜಿಂಗ್ ಹತ್ತಿರದ ಡಿಂಗ್‌ಲಿಂಗ್ ಎಂಬಲ್ಲಿ, ಚಿಂಗ್‌ಗಿಂತ ಹಿಂದಿನ ಮಿಂಗ್ ವಂಶದ ವಾನ್‌ಲಿ ಚಕ್ರವರ್ತಿಯ ಸಮಾಧಿ ಇದೆ. 1956ರಿಂದ 1958ರವರೆಗೆ ಅದನ್ನು ಅಗೆದರು. ಅಲ್ಲಿ ಶಿಯಾವ್‌ಜಿಂಗ್ ರಾಣಿಯ ಶವಪೆಟ್ಟಿಗೆಯಲ್ಲಿ ಸಿಕ್ಕ ಕುಪ್ಪಸದ ತುಂಬ ನೂರು ಹುಡುಗರು: ಪಟಾಕಿ ಹಚ್ಚುವವರು, ಕಣ್ಣಾಮುಚ್ಚಾಲೆ ಆಡುವವರು, ಮೇಷ್ಟರಂತೆ ನಟಿಸುವವರು. ಎಂಥ ಸೌಭಾಗ್ಯವತಿ ಎನ್ನಿಸುತ್ತದೆ, ಅಲ್ಲವೇ?

ಅವಳ ಕಥೆ ಕೇಳಿ. ಅವಳು ಚಕ್ರವರ್ತಿಯ ತಾಯಿಯ ಬಳಿ ಇದ್ದ ದಾಸಿ. ಚಕ್ರವರ್ತಿಯ ಕಣ್ಣಿಗೆ ಬಿದ್ದಳು, 1582ರಲ್ಲಿ ಅವನ ಹಿರಿಯ ಮಗನನ್ನು ಹೆತ್ತಳು. ಅವನ ಮನಸ್ಸೆಲ್ಲ ಇನ್ನೊಬ್ಬಳ ಮೇಲೆ. ಅವಳ ಮಗನಿಗೇ ಪಟ್ಟ ಕಟ್ಟಬೇಕೆಂಬ ಹಟ. ಹಿರಿಯ ಮಗನನ್ನು ಯುವರಾಜನೆಂದು ಒಪ್ಪಿಕೊಂಡದ್ದು 1601ರಲ್ಲಿ, ಅದೂ ಮಂತ್ರಿಗಳು ವರ್ಷಗಟ್ಟಲೆ ಕಾಡಿದ ಮೇಲೆ. ಹೆತ್ತವಳು ಮಗನಿಂದ ದೂರವಾಗಿ, ಮುಚ್ಚಿದ ಅರಮನೆಯೊಂದರಲ್ಲಿ ಉಳಿದಳು. ಕಣ್ಣೂ ಹೋಯಿತು. ಸತ್ತ ಮೇಲೆ, 1620ರಲ್ಲಿ, ಪಟ್ಟಕ್ಕೆ ಬಂದ ಮೊಮ್ಮಗ ಅವಳಿಗೆ ರಾಣಿಯ ಪದವಿ ಕೊಟ್ಟು, ಪೆಟ್ಟಿಗೆಯನ್ನು ತಂದು ಚಕ್ರವರ್ತಿಯ ಪಕ್ಕದಲ್ಲಿಟ್ಟ. ಬದುಕಿದ್ದಾಗ ಸಿಗದ ಜಾಗ ಮಣ್ಣಿನೊಳಗೆ ಸಿಕ್ಕಿತು. ನೂರು ಮಕ್ಕಳೂ ಅಲ್ಲೇ ಸಿಕ್ಕವು.

ಇದನ್ನು ಓದಿದ ಮೇಲೆ ಆ ದಾಳಿಂಬೆ, ಬಾವಲಿಗಳನ್ನು ನಾನು ಮೊದಲಿನಂತೆ ನೋಡಲಾರೆ. ಬಟ್ಟೆಯ ಮೇಲಿನ ಭಾಗ್ಯ ಅವಳಿಗೆ ಇದ್ದದ್ದಲ್ಲ. ಲೋಕ ಅವಳಿಂದ ಕೇಳಿದ್ದು. ಕೇಳಿದ್ದನ್ನು ಕೊಟ್ಟ ಮೇಲೂ ಲೋಕ ಅವಳನ್ನು ಕೇಳಲಿಲ್ಲ.

ಮಿಂಗ್ ವಂಶದ ಇತಿಹಾಸಗ್ರಂಥದಲ್ಲಿ ಅವಳ ಕೊನೆಯ ಗಳಿಗೆಯ ಪ್ರಸ್ತಾಪವಿದೆ. 1611ರಲ್ಲಿ ತಾಯಿ ಸಾಯುತ್ತಿದ್ದಾಳೆಂದು ತಿಳಿದು ಯುವರಾಜ ಅಪ್ಪಣೆ ಪಡೆದು ಓಡಿ ಬಂದ. ಬಾಗಿಲು ಮುಚ್ಚಿತ್ತು, ಬೀಗ ಒಡೆದು ಒಳಹೊಕ್ಕ. ಕಣ್ಣು ಕಾಣದ ಆ ತಾಯಿ ಮಗನ ಅಂಗಿಯನ್ನು ಕೈಯಿಂದ ಸವರಿದಳು. ಇಷ್ಟು ದೊಡ್ಡವನಾದೆಯಲ್ಲ, ಇನ್ನು ಸತ್ತರೂ ಕೊರಗಿಲ್ಲ ಎಂದು ಅತ್ತಳಂತೆ.

ಆ ಅಂಗಿಯ ಮೇಲೆ ಯಾವ ಬಣ್ಣದ ದಾರದಲ್ಲಿ ಯಾವ ಚಿತ್ರವಿದ್ದರೇನು? ಅವಳ ಬೆರಳು ಹುಡುಕಿದ್ದು ಅಂಗಿಯೊಳಗಿನ ಮಗನನ್ನು.